ಇಪ್ಪತ್ನಾಲ್ಕು ತಾಸಿನ ಕಲಮು

ಯುದ್ಧ ಮುಗಿದ ಮರುವರ್ಷದ ಬೇಸಿಗೆ. ಪುಣೆಯ ಪೂರ್ವಕ್ಕೆ, ಹಡಪಸರ ದಾಟಿ ಕಾಲುವೆಯ ದಂಡೆಗೆ ಒಂದು ಸಣ್ಣ ಖಾಸಗಿ ಮಾನಸಿಕ ಆಸ್ಪತ್ರೆಯಿತ್ತು. ಅಲ್ಲಿಯೇ ಉಳಿದು ರೋಗಿಗಳನ್ನು ನೋಡಿಕೊಳ್ಳುವ ಡಾಕ್ಟರ್ ನಾನು. ಡಿಗ್ರಿಯಿಲ್ಲದೆ ಲೈಸೆನ್ಸಿನ ಮೇಲೆ ಡಾಕ್ಟರಾದ ನನ್ನಂಥವರಿಗೆ ಡಿಗ್ರಿ ಪರೀಕ್ಷೆಗೆ ಕೂಡುವ ಅವಕಾಶ ಸಿಕ್ಕಿತ್ತು. ಉಳಿದ ವಿಷಯಗಳು ಹೇಗೋ ಸಾಗುತ್ತಿದ್ದವು. ಹೆದರಿಕೆಯಿದ್ದದ್ದು ಮನೋರೋಗ, ಹುಚ್ಚರ ಕಾಯ್ದೆ, ಅಫೀಮು-ಗಾಂಜಾ-ಸೆರೆಯ ಪಾಠಗಳ ಬಗ್ಗೆ. ದಿನ ಬೆಳಗಾದರೆ ಅದೇ ರೋಗಿಗಳ ನಡುವೆ ಓಡಾಡುತ್ತಿದ್ದರೂ, ಪುಸ್ತಕದ ಕ್ರಮದಲ್ಲಿ ಹೇಳು ಎಂದರೆ ನಾಲಿಗೆ ತಡವರಿಸುತ್ತಿತ್ತು.

ಹಾಗಾಗಿ ಪ್ರತಿ ರವಿವಾರ ಮಧ್ಯಾಹ್ನ ಭವಾನಿ ಪೇಟೆಗೆ ಹೋಗುತ್ತಿದ್ದೆ. ಅಲ್ಲಿ ಧಾರವಾಡ ಕಡೆಯ ಒಬ್ಬ ಹಿರಿಯ ಡಾಕ್ಟರರ ದವಾಖಾನೆ ಇತ್ತು. ಹಿಂದೆ ವೈದ್ಯಕೀಯ ಶಾಲೆಯಲ್ಲಿ ನನಗೆ ಕಲಿಸಿದವರು. ಶಾಲೆ ಬಿಟ್ಟು ಸ್ವಂತ ದವಾಖಾನೆ ತೆರೆದ ಮೇಲೂ ನಮ್ಮ ಕಡೆಯ ಹುಡುಗರಿಗೆ ಪರೀಕ್ಷೆಯ ಪಾಠ ಹೇಳುವುದನ್ನು ಬಿಟ್ಟಿರಲಿಲ್ಲ. ಮನೆ ಮಹಡಿಯ ಮೇಲೆ. ಮಕ್ಕಳಿಲ್ಲ. ಅವರ ಹೆಂಡತಿಯನ್ನು ನಾನು ವೈನಿ ಎಂದು ಕರೆಯುತ್ತಿದ್ದೆ.

ಗುರುಗಳು ಪುಸ್ತಕ ತೆರೆಯಲು ಬಿಡುತ್ತಿರಲಿಲ್ಲ. ಎದುರಿನ ಖಾಲಿ ಬೆಂಚು ತೋರಿಸಿ, ರೋಗಿ ಬಂದು ಕೂತಿದ್ದಾನೆ, ಈಗ ನೋಡಿ ಹೇಳು ಎನ್ನುತ್ತಿದ್ದರು. ಕಾಯ್ದೆಯ ಪಾಠದ ದಿನ ಒಂದು ಹಾಳೆಯ ನಡುವೆ ಗೆರೆ ಎಳೆದರು. ಒಬ್ಬನನ್ನು ಹುಚ್ಚನೆಂದು ಆಸ್ಪತ್ರೆಗೆ ಕಳಿಸಲು ಡಾಕ್ಟರು ಬರೆದುಕೊಡುವ ಸರ್ಟಿಫಿಕೇಟಿಗೆ ಎರಡು ಭಾಗ. ಒಂದರಲ್ಲಿ ಡಾಕ್ಟರು ತಾನೇ ಕಂಡದ್ದು, ಇನ್ನೊಂದರಲ್ಲಿ ಬೇರೆಯವರು ಹೇಳಿದ್ದು. ನಾನು ಮೊದಲನೆಯ ಭಾಗದಲ್ಲಿ 'ಹೆಂಡತಿಯನ್ನು ಹೊಡೆಯುತ್ತಾನೆ' ಎಂದು ಬರೆದೆ. ನಿನ್ನೆದುರಿಗೆ ಹೊಡೆದನೇನು ಎಂದು ಕೇಳಿದರು. ಇಲ್ಲ ಎಂದೆ. ಹಾಳೆ ಹರಿದು ಹಾಕಿದರು.

"ಈ ಕಾಗದದ ಮ್ಯಾಲೆ ಒಬ್ಬ ಮನಷ್ಯಾ ವರ್ಷಗಟ್ಟಲೆ ಒಳಗ ಕೂಡ್ತಾನ, ತಮ್ಮಾ. ಕಾಣದ್ದನ್ನ ಕಂಡೆ ಅಂತ ನೀ ಬರದಿ ಅಂದ್ರ ಅವನ ಕಡೆ ಏನೂ ಉಳಿಯೂದಿಲ್ಲ."

ಅದೇ ದಿನ ಕಾಯ್ದೆಯ ನಾಲ್ಕನೆಯ ಕಲಮನ್ನೂ ಬಾಯಿಪಾಠ ಮಾಡಿಸಿದರು. ತಾನಾಗಿಯೇ ಚಿಕಿತ್ಸೆಗೆ ಬರುವವನಿಗೆ ಕಾಯ್ದೆಯಲ್ಲಿ ಬೋರ್ಡರ್ ಎಂದು ಹೆಸರು. ಅವನೇ ಅರ್ಜಿ ಬರೆದು ಕೊಡಬೇಕು. ಆಸ್ಪತ್ರೆಯ ಮೇಲ್ವಿಚಾರಣೆಗೆ ನೇಮಕವಾದ ವಿಜಿಟರರಲ್ಲಿ ಇಬ್ಬರು ಒಪ್ಪಬೇಕು. ಹೋಗುತ್ತೇನೆ ಎಂದು ಅವನು ಬರೆದು ಕೊಟ್ಟ ಮೇಲೆ ಇಪ್ಪತ್ನಾಲ್ಕು ತಾಸಿಗಿಂತ ಹೆಚ್ಚು ಅವನನ್ನು ಇಟ್ಟುಕೊಳ್ಳುವಂತಿಲ್ಲ.

ಮುಂದಿನ ರವಿವಾರ ಅಫೀಮಿನ ಪಾಠ. ಮಾರ್ಫಿಯಾ ಚಟದವನ ಲಕ್ಷಣಗಳನ್ನು ಒಂದೊಂದಾಗಿ ಹೇಳುತ್ತ ಹೋದೆ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಸಣ್ಣದು. ಮೂಗು ತುರಿಸುತ್ತದೆ. ಮಲಬದ್ಧತೆ. ಮೈ ಇಳಿಯುತ್ತದೆ. ಸೂಜಿಯ ಗುರುತು ಮುಚ್ಚಲು ಸೆಕೆಯಲ್ಲೂ ಉದ್ದ ತೋಳಿನ ಅಂಗಿ. ಅಲ್ಲಿಗೆ ಬಂದು ನನ್ನ ಮಾತು ನಿಂತಿತು. ಬಿಸಿಲಿಗೆಂದು ಕಿಟಕಿಗೆ ಗೋಣಿ ಕಟ್ಟಿದ ಆ ಕತ್ತಲೆ ಕೋಣೆಯಲ್ಲಿ ಗುರುಗಳ ಪಾಪೆ ಅಗಲವಾಗಿರಬೇಕಿತ್ತು. ಆಗಿರಲಿಲ್ಲ. ಅವರು ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಅಂಗಿ ತೊಟ್ಟು, ಮೂಗು ಉಜ್ಜಿಕೊಳ್ಳುತ್ತ ಕೂತಿದ್ದರು. ಪಾಠದ ನಡುವೆ ಪ್ರತಿ ಸಲ ಒಳಗಿನ ಕೋಣೆಗೆ ಹೋಗಿ ಬರುತ್ತಿದ್ದದ್ದು ಆಗ ನೆನಪಾಯಿತು.

"ಯಾಕ ನಿಂತಿ? ಹೇಳು. ನನ್ನ ನೋಡಿ ಹೇಳು" ಅಂದರು.

ಆಮೇಲೆ ಅವರೇ ಅಂಗಿಯ ತೋಳು ಮಡಚಿ, ಧೋತರ ಸರಿಸಿ ತೋಳು, ತೊಡೆ ತೋರಿಸಿದರು. ಹಳೆಯ ಬಾವುಗಳು ಒಡೆದು ಮಾಗಿದ ಕಲೆ, ನಡುನಡುವೆ ಹೊಸ ಚುಚ್ಚು. ಏಳೆಂಟು ವರ್ಷದ ಹಿಂದೆ ಮೂತ್ರಪಿಂಡದಲ್ಲಿ ಕಲ್ಲಾಗಿ ನೋವು ತಡೆಯಲಾರದೆ ತಾವೇ ಒಂದು ಇಂಜೆಕ್ಷನ್ ಚುಚ್ಚಿಕೊಂಡಿದ್ದರಂತೆ. ನೋವು ಹೋಯಿತು, ಸೂಜಿ ಉಳಿಯಿತು. ಈಗ ದಿನಕ್ಕೆ ನಾಲ್ಕು ಸಲ. ಇದನ್ನೆಲ್ಲ ಬೇರೆ ಯಾರದೋ ಕೇಸ್ ಹೇಳುವ ಹಾಗೆ ಹೇಳಿದರು. ಹೇಳಿ ಮುಗಿಸಿ, ಚಿಕಿತ್ಸೆ ಏನು ಎಂದು ನನ್ನನ್ನೇ ಕೇಳಿದರು. ಆಸ್ಪತ್ರೆಗೆ ಸೇರಿಸಿ ಪ್ರಮಾಣ ಇಳಿಸುತ್ತ ಬರಬೇಕು ಎಂದೆ. ಎಲ್ಲಿ ಎಂದರು. ನಮ್ಮಲ್ಲಿ, ಹಡಪಸರದಲ್ಲಿ ಎಂದೆ.

ಅವರು ಮಹಡಿಯಿಂದ ವೈನಿಯನ್ನು ಕರೆದು, ಅವರೆದುರಿಗೇ ಅರ್ಜಿ ಬರೆದರು. ಅಕ್ಷರ ಮುತ್ತಿನ ಹಾಗಿದ್ದವು.

ನಮ್ಮ ಆಸ್ಪತ್ರೆಯ ಮುಖ್ಯ ಡಾಕ್ಟರು ಆಗ ಕಣ್ಣಿನ ಆಪರೇಶನ್ನಿಗೆಂದು ಮುಂಬಯಿಯಲ್ಲಿದ್ದರು. ಅವರು ಬರುವವರೆಗೆ ಉಸ್ತುವಾರಿ ನನ್ನದು. ನಾನೇ ಟಾಂಗಾ ಮಾಡಿಕೊಂಡು ಅಲೆದು ಇಬ್ಬರು ವಿಜಿಟರರ ಒಪ್ಪಿಗೆ ತಂದೆ. ಒಬ್ಬರು ನಿವೃತ್ತ ನ್ಯಾಯಾಧೀಶರು, ಇನ್ನೊಬ್ಬರು ಸರ್ಕಾರಿ ಡಾಕ್ಟರು. ಬುಧವಾರ ಬೆಳಿಗ್ಗೆ ಗುರುಗಳು ಒಂದು ಟ್ರಂಕಿನೊಂದಿಗೆ ಬಂದರು. ನಿಯಮದ ಪ್ರಕಾರ ಟ್ರಂಕು, ಅಂಗಿಯ ಮಡಿಕೆ, ಚಪ್ಪಲಿಯ ಅಟ್ಟೆ ಎಲ್ಲ ತಡಕಬೇಕು. ನನಗೆ ಕೈ ಬರಲಿಲ್ಲ. ಅವರೇ, ಶರಮಪಡಬ್ಯಾಡ, ಚಟದವನ ಮಾತು ನಂಬಬಾರದು ಅಂತ ನಾ ಹೇಳಿಕೊಟ್ಟಿಲ್ಲೇನು ಎಂದು ಟ್ರಂಕು ಬಗ್ಗಿಸಿದರು. ಹಲ್ಲುಪುಡಿಯ ಡಬ್ಬಿಯ ತಳದಲ್ಲಿ ಮಾರ್ಫಿಯಾ ಮಾತ್ರೆಗಳ ಒಂದು ಸಣ್ಣ ಶೀಸೆ ಸಿಕ್ಕಿತು. ಅದನ್ನು ಒಯ್ದು ಆಫೀಸಿನ ಕಪಾಟಿನಲ್ಲಿಟ್ಟೆ.

ಮೊದಲ ದಿನ ಅರ್ಧ ಪ್ರಮಾಣ, ಎರಡನೆಯ ದಿನ ಅದರರ್ಧ, ಮೂರನೆಯ ದಿನ ಅದರಲ್ಲೂ ಅರ್ಧ. ನಾಲ್ಕನೆಯ ದಿನ ಮಾರ್ಫಿಯಾ ಪೂರ್ತಿ ನಿಂತಿತು. ಮೊದಲು ಆಕಳಿಕೆ ಬಂದವು, ಒಂದರ ಬೆನ್ನಿಗೆ ಒಂದು. ಮೂಗು, ಕಣ್ಣು ಸೋರತೊಡಗಿದವು. ಉರಿಬಿಸಿಲಿನ ಹೊತ್ತಿನಲ್ಲೂ ಚಳಿ ಹುಟ್ಟಿ ಮೈ ಪುಕ್ಕ ಕಿತ್ತ ಕೋಳಿಯ ತೊಗಲಿನಂತಾಯಿತು. ಅಷ್ಟು ದಿನ ಮೊನೆಯಷ್ಟಿದ್ದ ಪಾಪೆಗಳು ಕಣ್ತುಂಬ ಅರಳಿದವು. ಆಮೇಲೆ ವಾಂತಿ, ಭೇದಿ, ಮೀನಖಂಡ ಹಿಡಿದು ಕಾಲು ಝಾಡಿಸುವುದು. ಮೈ ಶಾಂತವಾಗಲೆಂದು ಹಯೋಸಿನ್ ಕೊಟ್ಟೆ, ನಿದ್ದೆಗೆಂದು ಪ್ಯಾರಾಲ್ಡಿಹೈಡ್ ಕೊಟ್ಟೆ, ಗ್ಲೂಕೋಸಿನ ನೀರನ್ನು ಚಮಚೆಯಿಂದ ಕುಡಿಸಿದೆ. ಕೊಟ್ಟದ್ದರಲ್ಲಿ ಅರ್ಧ ಹೊರಗೆ ಬರುತ್ತಿತ್ತು. ಆ ಸಂಕಟದ ನಡುವೆಯೂ ಗುರುಗಳು, ನಾಡಿ ಎಷ್ಟಿದೆ, ಬರೆದುಕೊಂಡೆಯಾ ಎಂದು ಕೇಳುತ್ತಿದ್ದರು.

ಐದನೆಯ ದಿನ ಬೆಳಿಗ್ಗೆ ನಾನು ಒಳಗೆ ಹೋದಾಗ ಅವರು ಗೋಡೆಗೆ ಒರಗಿ ಕೂತಿದ್ದರು.

"ತಮ್ಮಾ, ಒಂದು ಕಾಗದ ಕೊಡು. ಹೋಗ್ತೇನಿ ಅಂತ ಬರದು ಕೊಡ್ತೇನಿ."

ಹಿಂದೊಮ್ಮೆ ಒಬ್ಬ ರೋಗಿ ಪೆನ್ಸಿಲ್ಲಿನಿಂದ ತನ್ನ ಕಣ್ಣಿಗೇ ಚುಚ್ಚಿಕೊಂಡಿದ್ದರಿಂದ ನಮ್ಮಲ್ಲಿ ರೋಗಿಗಳ ಕೋಣೆಯಲ್ಲಿ ಕಾಗದ, ಪೆನ್ಸಿಲ್ ಇಡುತ್ತಿರಲಿಲ್ಲ. ಕೇಳಿದವರಿಗೆ ಆಫೀಸಿನ ಕಪಾಟಿನಿಂದ ತೆಗೆದು ಕೊಡಬೇಕು. ಕೀಲಿ ಕಾರಕೂನನ ಹತ್ತಿರ ಇದೆ, ಅವನು ರಜೆ, ನಾಳೆ ಕೊಡುತ್ತೇನೆ ಎಂದೆ. ಕೀಲಿ ನನ್ನ ಜೇಬಿನಲ್ಲೇ ಇತ್ತು. ಬಹುಶಃ ಅದು ಅವರಿಗೂ ತಿಳಿದಿತ್ತು.

ನನ್ನ ಲೆಕ್ಕ ಸರಳವಾಗಿತ್ತು. ಈ ಯಾತನೆ ಹೆಚ್ಚೆಂದರೆ ಇನ್ನೆರಡು ದಿನ. ಈಗ ಬಿಟ್ಟರೆ ಟಾಂಗಾದಿಂದ ಇಳಿಯುತ್ತಲೇ ಸೂಜಿ ಹಿಡಿಯುತ್ತಾರೆ. ಪಟ್ಟ ಪಾಡೆಲ್ಲ ನೀರುಪಾಲು. ಕಾಯ್ದೆ ನೋಟೀಸು ಲಿಖಿತವಾಗಿರಬೇಕು ಎನ್ನುತ್ತದೆ. ಕಾಗದವಿಲ್ಲದಿದ್ದರೆ ನೋಟೀಸಿಲ್ಲ, ನೋಟೀಸಿಲ್ಲದಿದ್ದರೆ ಇಪ್ಪತ್ನಾಲ್ಕು ತಾಸು ಶುರುವಾಗುವುದೇ ಇಲ್ಲ.

ಆರನೆಯ ದಿನ ಮತ್ತೆ ಕೇಳಿದರು. ಈ ಸಲ ಇಂಗ್ಲಿಷಿನಲ್ಲಿ, ಒಬ್ಬ ಬೋರ್ಡರ್ ಆಸ್ಪತ್ರೆಯ ಅಧಿಕಾರಿಯನ್ನು ಕೇಳುವ ರೀತಿಯಲ್ಲಿ, ನನ್ನನ್ನು ಡಾಕ್ಟರ್ ಎಂದು ಸಂಬೋಧಿಸಿ. ನಾನು ಅವರ ನಾಡಿ ಹಿಡಿದು ನಿಂತೆ. ಮಧ್ಯಾಹ್ನ ವಾರ್ಡಿನ ಸೇವಕ ಬಂದು, ಡಾಕ್ಟರಸಾಹೇಬರು ಗೋಡೆ ಕೆರೆಯುತ್ತಿದ್ದಾರೆ ಎಂದು ಮರಾಠಿಯಲ್ಲಿ ಹೇಳಿದ. ಹೋಗಿ ನೋಡಿದರೆ ಮಂಚದ ಪಕ್ಕದ ಸುಣ್ಣದ ಮೇಲೆ ಉಗುರಿನಿಂದ ಏನೋ ಗೀಚಿದ್ದರು. ಎರಡು ಸಾಲಿನಷ್ಟು. ಅವರು ನನ್ನ ಮುಖ ನೋಡುತ್ತಿದ್ದರು. ನಾನು ಆ ಗೋಡೆಯ ಹತ್ತಿರ ಹೋಗಲಿಲ್ಲ. ಓದಿದರೆ ಅದು ನೋಟೀಸಾಗುತ್ತಿತ್ತು.

ಏಳನೆಯ ದಿನ ಅವರು ನಿದ್ದೆ ಹೋದರು. ಎಂಟನೆಯ ದಿನ ಅನ್ನ, ಮಜ್ಜಿಗೆ ಕೇಳಿ ಉಂಡರು. ನನಗೆ ಗೆದ್ದೆ ಎನ್ನಿಸಿತ್ತು. ಒಂಬತ್ತನೆಯ ದಿನ ನನ್ನ ಜೊತೆ ವಾರ್ಡಿನಲ್ಲಿ ಸುತ್ತಾಡಿ, ರೋಗಿಗಳನ್ನು ಮಾತಾಡಿಸಿ, ಹೊರಗೆ ಬಂದ ಮೇಲೆ ನನಗೆ ಪ್ರಶ್ನೆ ಹಾಕಿದರು. ಸೆರೆ ಕುಡಿಯುವುದನ್ನು ಬಿಟ್ಟವನಿಗೆ ಕಾಣುವ ಭ್ರಮೆಗೂ ಈ ಮೂಲೆಯ ಹಾಸಿಗೆಯವನಿಗೆ ಕೇಳುವ ದನಿಗೂ ಭೇದವೇನು? ಗಾಂಜಾ ಸೇದುವವನೆಲ್ಲ ಗಾಂಜಾದಿಂದಲೇ ಕೆಟ್ಟವನು ಎಂದು ಬರೆಯಬಹುದೇ? ಅಷ್ಟು ಚೆನ್ನಾಗಿ ಅವರು ನನಗೆ ಎಂದೂ ಪಾಠ ಹೇಳಿರಲಿಲ್ಲ. ಮರುದಿನ ವೈನಿ ರೊಟ್ಟಿ, ಬದನೆಕಾಯಿ ಎಣಗಾಯಿ ಮಾಡಿಕೊಂಡು ಬಂದರು. ಇಬ್ಬರೂ ಹುಣಸೆಮರದ ಕೆಳಗೆ ಕೂತು ಉಂಡರು. ವೈನಿ ಏನೋ ಹೇಳಿದ್ದಕ್ಕೆ ಗುರುಗಳು ನಕ್ಕದ್ದು ನನ್ನ ಕೋಣೆಯವರೆಗೆ ಕೇಳಿತು.

ಹನ್ನೊಂದನೆಯ ದಿನ ಎಡಪಕ್ಕೆಯಲ್ಲಿ ನೋವು ಶುರುವಾಯಿತು. ಸೊಂಟದ ಮೇಲಿಂದ ತೊಡೆಸಂದಿಯವರೆಗೆ ಇಳಿಯುವ ನೋವು. ಮೂತ್ರಪಿಂಡದ ಕಲ್ಲಿನ ನೋವು ಪುಸ್ತಕದಲ್ಲಿ ಹೇಗಿದೆಯೋ ಹಾಗೇ. ಆದರೆ ಪುಸ್ತಕ ಅವರಿಗೂ ಬರುತ್ತಿತ್ತು. ಬಿಟ್ಟ ಚಟ ಹಳೆಯ ನೋವಿನ ವೇಷ ಹಾಕಿ ಬರುತ್ತದೆ ಎಂದು ನನಗೆ ಕಲಿಸಿದವರೂ ಅವರೇ. ಮೂತ್ರ ತೆಗೆದು ಮೈಕ್ರೋಸ್ಕೋಪಿನ ಕೆಳಗೆ ನೋಡಿದೆ. ಅಲ್ಲೊಂದು ಇಲ್ಲೊಂದು ರಕ್ತಕಣ. ಕಲ್ಲಿದೆ ಎನ್ನುವಷ್ಟಿಲ್ಲ, ಇಲ್ಲ ಎನ್ನುವಂತಿಲ್ಲ. ನೋವಿನ ಸೆಳೆತಕ್ಕೆ ಎಟ್ರೋಪಿನ್ ಕೊಟ್ಟು, ಬಿಸಿನೀರಿನ ಚೀಲ ಇಟ್ಟೆ. ನಿಜವಾಗಿ ನೋವಿದೆಯೇ ಎಂದು ನಾನು ಕೇಳಬಾರದಿತ್ತು. ಕೇಳಿದೆ.

"ನಂಗೂ ಗೊತ್ತಾಗವಲ್ದು" ಅಂದರು.

ಹನ್ನೆರಡನೆಯ ದಿನ ಬೆಳಿಗ್ಗೆ ಅವರು ಸ್ನಾನ ಮಾಡಿ, ಕ್ಷೌರ ಮಾಡಿಸಿಕೊಂಡು ಆಫೀಸಿಗೇ ಬಂದರು. ಕುರ್ಚಿಯಲ್ಲಿ ಕೂತು ಕಾಗದ ಕೇಳಿದರು. ನಾನು ಇನ್ನೊಂದು ವಾರ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಎರಡು ಸಲ ಕೇಳಿದ್ದೆ. ಆವಾಗ ಯಾತನಾದಾಗ ಇದ್ದೆ, ನೀ ಕೊಡಲಿಲ್ಲ. ನಿನಗ ನಾ ಬೈಯೂದಿಲ್ಲ. ಆದ್ರ ಒಂದು ತಿಳಕೋ. ಈ ಕಲಮು ಕೆಟ್ಟವರ ಸಲುವಾಗಿ ಬರದದ್ದಲ್ಲ. ನಿನ್ನಂಥಾ ಒಳ್ಳೆಯವರ ಸಲುವಾಗಿನ ಬರದದ್ದು."

ಕಾಗದ ಕೊಟ್ಟೆ. ಅವರು ಬರೆದರು. ನಾನು ಗಡಿಯಾರ ನೋಡಿ ಹೊತ್ತು ನಮೂದಿಸಿದೆ. ಹತ್ತು ಗಂಟೆ ಐದು ನಿಮಿಷ.

ಅವರನ್ನು ತಡೆಯಲು ಉಳಿದ ದಾರಿ ಒಂದೇ. ಹೆಂಡತಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು, ಇಬ್ಬರು ಡಾಕ್ಟರರು ಸರ್ಟಿಫಿಕೇಟು ಕೊಡಬೇಕು. ಆಗ ಬೋರ್ಡರ್ ಆಗಿ ಬಂದವರನ್ನು ಆಜ್ಞೆಯ ಮೇಲೆ ಒಳಗೆ ಇಡಬಹುದು. ಮಧ್ಯಾಹ್ನವೇ ಭವಾನಿ ಪೇಟೆಗೆ ಹೋಗಿ ವೈನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಈಗ ಹೊರಬಿದ್ದರೆ ಅಪಾಯ ಮೊದಲಿಗಿಂತ ಹೆಚ್ಚು. ಮೈಗೆ ಹಳೆಯ ಪ್ರಮಾಣ ತಾಳುವ ಶಕ್ತಿ ಹೋಗಿದೆ, ಅದನ್ನೇ ಮತ್ತೆ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

"ಅವರಿಗೆ ಹುಚ್ಚು ಹಿಡದದ ಅಂತ ನಾ ಸಹಿ ಮಾಡಬೇಕೇನ್ರಿ?" ಎಂದು ಕೇಳಿದರು.

ಹೌದು ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನೀವು ಡಾಕ್ಟರ್ ಇದ್ದೀರಿ. ಮೊದಲ ನೀವು ಬರೀರಿ. ನೀವು ಬರದ್ರ ನಾನೂ ಸಹಿ ಮಾಡ್ತೇನ್ರಿ."

ಸಂಜೆ ಆಸ್ಪತ್ರೆಗೆ ಬಂದು ಫಾರ್ಮು ಮುಂದಿಟ್ಟುಕೊಂಡು ಕೂತೆ. ಬೇರೆಯವರು ಹೇಳಿದ್ದನ್ನು ಬರೆಯುವ ಭಾಗ ತುಂಬುವುದು ಕಷ್ಟವಿರಲಿಲ್ಲ. ನಾನೇ ಕಂಡದ್ದರಲ್ಲಿ ಏನು ಬರೆಯಲಿ? ಹೊತ್ತು, ಸ್ಥಳ, ಜನರ ಗುರುತು ಸರಿಯಾಗಿದೆ. ನೆನಪು ನನ್ನದಕ್ಕಿಂತ ಚೆನ್ನಾಗಿದೆ. ಭ್ರಮೆಯಿಲ್ಲ, ಇಲ್ಲದ ದನಿ ಕೇಳುವುದಿಲ್ಲ. ತನ್ನ ಅಪಾಯ ಏನೆಂದು ಪೂರ್ತಿ ಬಲ್ಲವರು. ಗೋಡೆ ಕೆರೆದದ್ದನ್ನು ಬರೆಯಬಹುದಿತ್ತು. 'ಕಾರಣವಿಲ್ಲದೆ ಉಗುರಿನಿಂದ ಗೋಡೆ ಕೆರೆಯುತ್ತಾರೆ.' ಯಾವ ಮ್ಯಾಜಿಸ್ಟ್ರೇಟರೂ ಒಪ್ಪುವಂಥ ವಾಕ್ಯ. ಲೇಖನಿ ಎತ್ತಿದ್ದೆ ಕೂಡ. ಆದರೆ ಕಾರಣ ನಾನೇ ಆಗಿದ್ದೆ. ಫಾರ್ಮನ್ನು ಹಾಗೇ ಖಾಲಿ ಬಿಟ್ಟು ಎದ್ದೆ.

ಮರುದಿನ ಹತ್ತು ಗಂಟೆಗೆ ಮೊದಲೇ ವೈನಿ ಟಾಂಗಾ ತಂದರು. ನಾನು ಗುರುಗಳಿಗೆ ಹಳೆಯ ಪ್ರಮಾಣದ ಮಾತು ಮತ್ತೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಉತ್ತರ ಬರೋಬ್ಬರಿ ಅದ ಎಂದು ಪರೀಕ್ಷೆಯಲ್ಲಿ ಹೇಳುವಂತೆ ಹೇಳಿದರು. ಬಂದಾಗ ಸಿಕ್ಕ ಶೀಸೆಯನ್ನು ಮರಳಿ ಕೇಳಲಿಲ್ಲ. ಅದರಲ್ಲಿ ನನಗೆ ಸ್ವಲ್ಪ ಆಸೆ ಹುಟ್ಟಿತ್ತು.

ನಾಲ್ಕು ದಿನ ಏನೂ ಸುದ್ದಿಯಿಲ್ಲ. ಐದನೆಯ ದಿನ ಬೆಳಿಗ್ಗೆ ಅವರ ದವಾಖಾನೆಯ ಕಂಪೌಂಡರ್ ಬೈಸಿಕಲ್ ತುಳಿದುಕೊಂಡು ಬಂದ. ಡಾಕ್ಟರರು ಎಚ್ಚರವಾಗುತ್ತಿಲ್ಲ ಎಂದ. ನಾನು ಅವರ ಮನೆ ಮುಟ್ಟಿದಾಗ ಹನ್ನೊಂದು ಗಂಟೆ ದಾಟಿತ್ತು. ತುಟಿ ನೀಲಿ. ಉಸಿರು ನಿಮಿಷಕ್ಕೆ ನಾಲ್ಕೈದು. ರೆಪ್ಪೆ ಎತ್ತಿದರೆ ಪಾಪೆ ಸೂಜಿಯ ಮೊನೆಯಷ್ಟು. ಉಸಿರು ಎಬ್ಬಿಸಲು ಕೊರಾಮಿನ್ ಚುಚ್ಚಿದೆ, ಎಟ್ರೋಪಿನ್ ಚುಚ್ಚಿದೆ, ಬೋರಲು ಮಲಗಿಸಿ ಬೆನ್ನೊತ್ತಿ ಉಸಿರಾಡಿಸಿದೆ. ನಾನು ದಣಿದಾಗ ಕಂಪೌಂಡರ್, ಅವನು ದಣಿದಾಗ ನಾನು. ಒತ್ತಿದಾಗ ಉಸಿರು ಬರುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಮೂರು ಗಂಟೆಯ ಸುಮಾರಿಗೆ ಒತ್ತಿದರೂ ಉಪಯೋಗವಿಲ್ಲದಂತಾಯಿತು. ನೋವು ತಡೆಯಲಾರದೆ ತೆಗೆದುಕೊಂಡರೋ, ಚಟಕ್ಕೆ ತೆಗೆದುಕೊಂಡರೋ, ಪ್ರಮಾಣ ಮರೆತರೋ, ಬೇಕೆಂದೇ ಹೀಗೆ ಮಾಡಿದರೋ, ಹಾಸಿಗೆಯ ಪಕ್ಕ ಬಿದ್ದಿದ್ದ ಸಿರಿಂಜಿ ನೋಡಿ ತಿಳಿಯುವಂತಿರಲಿಲ್ಲ.

ಪೋಲೀಸರು ಬಂದು ಪಂಚನಾಮೆ ಮಾಡಿದರು. ನನ್ನ ಹೇಳಿಕೆಯಲ್ಲಿ, ರೋಗಿ ಕಾಗದ ಕೇಳಿದ್ದು ಐದನೆಯ ದಿನ, ನಾನು ಕೊಟ್ಟದ್ದು ಹನ್ನೆರಡನೆಯ ದಿನ ಎಂದೂ ಹೇಳಿದೆ. ಅಧಿಕಾರಿ ಲೇಖನಿ ಎತ್ತಿ, ಅದು ಆಸ್ಪತ್ರೆಯ ಒಳಗಿನ ಸಂಗತಿ, ಸಾವಿಗೆ ಸಂಬಂಧವಿಲ್ಲ ಎಂದು ಮರಾಠಿಯಲ್ಲಿ ಹೇಳಿ ಮುಂದಿನ ಪ್ರಶ್ನೆಗೆ ಹೋದರು. ಮುಖ್ಯ ಡಾಕ್ಟರು ಕಣ್ಣಿಗೆ ಕರಿ ಕನ್ನಡಕ ಹಾಕಿಕೊಂಡು ಮುಂಬಯಿಯಿಂದ ಬಂದ ಮೇಲೆ ಅವರಿಗೂ ಹೇಳಿದೆ. ಕಾಗದಪತ್ರ ಎಲ್ಲ ಸರಿಯಾಗಿವೆ, ನಿನ್ನ ತಪ್ಪೇನೂ ಇಲ್ಲ ಎಂದರು.

ಆದರೆ ಸಂಬಂಧವಿತ್ತು. ಕಾಗದ ಕೇಳಿದ ಐದನೆಯ ದಿನವೇ ಬಿಟ್ಟಿದ್ದರೆ ಅವರು ಮನೆಗೆ ಹೋಗಿ ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತಿದ್ದರು, ಮೈ ಬಹುಶಃ ತಾಳುತ್ತಿತ್ತು. ಚಟ ಉಳಿಯುತ್ತಿತ್ತು, ಅವರೂ ಉಳಿಯುತ್ತಿದ್ದರು. ಆ ಪ್ರಮಾಣವನ್ನು ವಿಷ ಮಾಡಿದ್ದು ನಾನು ಕಾಗದ ಕೊಡದೆ ಕಾದ ದಿನಗಳು. ಇನ್ನು ಹನ್ನೆರಡನೆಯ ದಿನ ಸುಳ್ಳು ಬರೆದು ಇಟ್ಟುಕೊಂಡಿದ್ದರೂ ಬದುಕುತ್ತಿದ್ದರೇನೋ. ತಪ್ಪು ಮಾಡಬೇಕಾದಲ್ಲಿ ಸರಿ ಮಾಡಿದೆ, ಸರಿ ಮಾಡಬೇಕಾದಲ್ಲಿ ತಪ್ಪು ಮಾಡಿದೆ ಎಂದು ಕೆಲವು ದಿನ ಅನ್ನಿಸುತ್ತದೆ. ಕೆಲವು ದಿನ ಅದೂ ಸರಿಯೆನ್ನಿಸುವುದಿಲ್ಲ.

ಮಳೆಗಾಲ ಮುಗಿದ ಮೇಲೆ ಪರೀಕ್ಷೆ ನಡೆಯಿತು. ಪಾಸಾದೆ. ಅಫೀಮಿನ ಮೇಲೆ ಪ್ರಶ್ನೆ ಬಂದಿರಲಿಲ್ಲ.

ವೈನಿ ಮನೆ ಖಾಲಿ ಮಾಡಿ ಧಾರವಾಡಕ್ಕೆ ತಮ್ಮನ ಹತ್ತಿರ ಹೊರಟ ದಿನ ನಾನು ಸ್ಟೇಷನ್ನಿಗೆ ಹೋಗಿದ್ದೆ. ಅಲ್ಲಿಯವರೆಗೆ ಅವರಿಗೆ ಕಾಗದದ ಸಂಗತಿ ಹೇಳಿರಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಎರಡು ಸಲ ಕೇಳಿದ್ದು, ಕೀಲಿಯ ಸುಳ್ಳು, ಗೋಡೆ, ಖಾಲಿ ಬಿಟ್ಟ ಫಾರ್ಮು ಎಲ್ಲ ಹೇಳಿದೆ. ಗಾಡಿ ಬಂದು ನಿಂತಿತು. ಕೂಲಿಯವನು ಸಾಮಾನು ಏರಿಸುವುದನ್ನು ನೋಡುತ್ತ, ವೈನಿ ನನ್ನ ಕಡೆ ತಿರುಗದೆ ಹೇಳಿದರು:

"ನಾನೂ ಮನ್ಯಾಗ ಮೂರು ಸಲ ಅವರನ್ನ ಒಳಗ ಹಾಕಿ ಚಿಲಕಾ ಹಾಕಿದ್ದೆನ್ರಿ. ಮೂರೂ ಸಲ ಅವರ ಸಂಕಟಾ ನೋಡಲಾರದ ನಾನ ತಗದೆ."

ನಾನು ಅವರ ಕೈಚೀಲ ಎತ್ತಿಕೊಂಡು ರೈಲಿನ ಡಬ್ಬಿಯವರೆಗೆ ಹೋದೆ. ಅವರಿಗೆ ಕಿಟಕಿಯ ಹತ್ತಿರ ಜಾಗ ಸಿಕ್ಕಿತು.